ಬಿಚ್ಚುವವರು ಬೇಕಾದಷ್ಟು, ಕೂಡಿಸುವವರು ಕಡಿಮೆ

ಶಿರಸಿಯ ಹುಬ್ಬಳ್ಳಿ ರಸ್ತೆಯಲ್ಲಿರುವ ಈ ಗೇರ್‌ಬಾಕ್ಸ್ ರಿಪೇರಿ ಶೆಡ್ಡಿಗೆ ಬೋರ್ಡಿಲ್ಲ, ಮೇಸ್ತ್ರಿಗಳಿಗೆ ಫೋನ್ ಎತ್ತುವ ಅಭ್ಯಾಸವೂ ಇಲ್ಲ. ಹೇಳಿದ ದಿನಕ್ಕೆ ಗಾಡಿ ಬೇಕೆನ್ನುವವರು ಇತ್ತ ಬಾರದಿರುವುದೇ ಒಳ್ಳೆಯದು. ಒಮ್ಮೆ ಕೂಡಿಸಿದ ಗೇರ್‌ಬಾಕ್ಸನ್ನು ಮತ್ತೆ ಬಿಚ್ಚಬಾರದು ಎನ್ನುವವರು ಮುಂದೆ ಓದಿ.

ನಮ್ಮದು ರ‍್ಯಾಲಿಗೆಂದು ಸಿದ್ಧಪಡಿಸಿದ ಹಳೆಯ ಮಾರುತಿ ಜಿಪ್ಸಿ, 1.3 ಲೀಟರ್ ಎಂಜಿನ್ನಿನದು. ದೇವಿಮನೆ ಘಟ್ಟ ಇಳಿಯುವಾಗ ಮೂರನೆಯ ಗೇರು ತಾನಾಗಿಯೇ ಬಿಟ್ಟುಕೊಂಡು ನ್ಯೂಟ್ರಲ್ಲಿಗೆ ಬರುತ್ತಿತ್ತು. ಕರಾವಳಿಯ ಒಂದು ಗ್ಯಾರೇಜಿನಲ್ಲಿ ಹಿಂದೆ ಇದರ ಗೇರ್‌ಬಾಕ್ಸನ್ನು ಬಿಚ್ಚಿ ಕೂಡಿಸಿದ್ದರು. ಅವರ ಕೈಗುಣ ಇಲ್ಲಿ ಕೇಸ್ ತೆರೆದಾಗ ಕಂಡಿತು. ಜಾಯಿಂಟಿನಿಂದ ಒಳಗೆ ಉಕ್ಕಿದ ಸಿಲಿಕಾನ್ ಪೇಸ್ಟು ಎಳೆ ಎಳೆಯಾಗಿ ಕಿತ್ತು ಎಣ್ಣೆಯಲ್ಲಿ ತೇಲುತ್ತಿತ್ತು. ಅಂಥ ಒಂದು ಎಳೆ ಎಣ್ಣೆಯ ತೂತಿಗೆ ಸಿಕ್ಕಿಕೊಂಡರೆ ಬೇರಿಂಗಿನ ಕಥೆ ಮುಗಿಯಿತು. ಭಾಗಗಳು ಜಾರದಂತೆ ತಡೆಯುವ ಉಕ್ಕಿನ ಬಳೆ, ಅಂದರೆ ಸರ್ಕ್ಲಿಪ್ಪು, ಸಡಿಲಾಗಿದ್ದರೂ ಹಳೆಯದನ್ನೇ ಮತ್ತೆ ಹಾಕಿದ್ದರು. ಮೂರನೆಯ ಗೇರನ್ನು ಕಚ್ಚಿ ಹಿಡಿಯುವ ಡಾಗ್ ಹಲ್ಲುಗಳ ಮೂಲೆ ಸವೆದು ಉರುಟಾಗಿದ್ದನ್ನು ಅವರು ನೋಡಿಯೇ ಇರಲಿಲ್ಲ ಎಂದು ಕಾಣುತ್ತದೆ.

ಫಾರ್ಮುಲಾ ರೇಸ್ ಕಾರುಗಳಿಗೆ ಹ್ಯೂಲ್ಯಾಂಡ್ ಕಂಪನಿ ಮಾಡಿದ ಹಲವು ಗೇರ್‌ಬಾಕ್ಸುಗಳಲ್ಲಿ ಹಿಂದಿನ ಕವರ್ ತೆಗೆದು ಗೇರುಗಳನ್ನು ಬದಲಿಸಬಹುದು. ಜಿಪ್ಸಿಗೆ ಆ ಭಾಗ್ಯವಿಲ್ಲ, ಇಡೀ ಬಾಕ್ಸನ್ನೇ ಇಳಿಸಬೇಕು. ಹೀಗಾಗಿ ಕೂಡಿಸುವಾಗಿನ ತಾಳ್ಮೆಗೇ ಬೆಲೆ.

ಈ ಶೆಡ್ಡಿನಲ್ಲಿ ಕಾಟನ್ ವೇಸ್ಟಿಗೆ ಪ್ರವೇಶವಿಲ್ಲ, ನೂಲು ಒಳಗೆ ಉಳಿಯುತ್ತದೆ ಎಂದು. ತೊಳೆದ ಬೇರಿಂಗಿಗೆ ಕಂಪ್ರೆಸರ್ ಗಾಳಿ ಹೊಡೆದು ಗಿರ್ರನೆ ತಿರುಗಿಸಿ ಸದ್ದು ಕೇಳುವ ಚಟ ನಮ್ಮ ಕಡೆಯ ಬಹಳ ಮೆಕ್ಯಾನಿಕ್‌ಗಳಿಗಿದೆ. ಇಲ್ಲಿನ ಹುಡುಗ ಅದಕ್ಕೇ ಕೈಹಾಕಿದಾಗ ಮೇಸ್ತ್ರಿಗಳು, "ತಮಾ, ಅದು ಬುಗುರಿಯಲ್ಲ. ಎಣ್ಣೆಯಿಲ್ಲದೆ ತಿರುಗಿಸಬೇಡ" ಎಂದು ಕಸಿದುಕೊಂಡರು. ಹೊಸ ಬೇರಿಂಗುಗಳ ಪೊಟ್ಟಣವನ್ನು ಕೂರಿಸುವ ಗಳಿಗೆಯವರೆಗೂ ಒಡೆಯಲಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಬೆರಳಿನ ಬೆವರೂ ತುಕ್ಕಾಗುತ್ತದೆ.

ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಪ್ರೆಸ್ಸಿನ ಒತ್ತಡ ಒಳಬಳೆಯ ಮೇಲೆ ಮಾತ್ರ ಬೀಳುವಂತೆ ಲೇಥಿನಲ್ಲಿ ಕಡೆಸಿದ ಪೈಪಿನ ತುಂಡೊಂದನ್ನು ಇಟ್ಟುಕೊಂಡಿದ್ದಾರೆ. ಹೊರಬಳೆಯನ್ನು ಒತ್ತಿದರೆ ಗುಂಡುಗಳು ಓಡುವ ಹಾದಿಯಲ್ಲಿ ಕುಳಿ ಬೀಳುತ್ತದೆ. ಗೇರು ಬೀಳುವ ಮುನ್ನ ವೇಗ ಹೊಂದಿಸುವ ಸಿಂಕ್ರೊ ರಿಂಗನ್ನು ಗೇರಿನ ಕೋನಿನ ಮೇಲೆ ಒತ್ತಿ, ನಡುವಿನ ಸಂದನ್ನು ತೆಳು ಪಟ್ಟಿಗಳ ಫೀಲರ್ ಗೇಜಿನಿಂದ ಸುತ್ತಲೂ ಅಳೆದರು. ರಿಂಗು ಸವೆದಷ್ಟೂ ಈ ಸಂದು ಕಿರಿದಾಗುತ್ತದೆ. ಮೊದಲು ಬಂದ ಹೊಸ ರಿಂಗಿನ ಸಂದೇ ಕಡಿಮೆಯಿತ್ತು, ಮರಳಿಸಿದರು. ತಡವಾಗಿದ್ದು ಇದಕ್ಕೆ. ನನಗೆ ಸಿಟ್ಟು ಬಂದದ್ದು ನಿಜ, ಆದರೆ ಹೊಸದೆಂಬ ಒಂದೇ ಕಾರಣಕ್ಕೆ ಹಾಕಿ ಮುಚ್ಚುವವರ ಕೆಲಸವನ್ನೂ ಕಂಡಿದ್ದೇನಲ್ಲ.

ಎಲ್ಲಕ್ಕಿಂತ ಇಷ್ಟವಾದದ್ದು ಇಂಟರ್‌ಲಾಕ್ ಬಾಲ್‌ಗಳ ವಿಷಯ. ಗೇರು ಬದಲಿಸುವ ಶಿಫ್ಟ್ ಶಾಫ್ಟುಗಳ ನಡುವೆ ಕೂರುವ ಈ ಪುಟ್ಟ ಗುಂಡುಗಳಲ್ಲಿ ಒಂದು ಬಿಟ್ಟುಹೋದರೂ ಎರಡು ಗೇರು ಒಟ್ಟಿಗೆ ಬಿದ್ದು ಬಾಕ್ಸು ಲಾಕ್ ಆಗಬಹುದು. ಗ್ರೀಸ್ ಹಚ್ಚಿ ಕೂರಿಸಿದ ಮೇಲೆ ಒಂದು ಗೇರು ಹಾಕಿ, ಪಕ್ಕದ ಶಾಫ್ಟನ್ನು ಬಲವಾಗಿ ತಳ್ಳಿದರು. ಕದಲಲಿಲ್ಲ. ಎಲ್ಲ ಗೇರುಗಳಲ್ಲೂ ಇನ್‌ಪುಟ್ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿಯೇ ಕೇಸ್ ಮುಚ್ಚಿದರು. ಟಾರ್ಕ್ ವ್ರೆಂಚಿನಿಂದ ಬಿಗಿದ ಪ್ರತಿ ಬೋಲ್ಟಿಗೂ ಹಳದಿ ಬಣ್ಣದ ಗೆರೆ. ಹಾಕಿದ ಗೇರ್ ಎಣ್ಣೆ ಜಿಎಲ್-4 ದರ್ಜೆಯದು, ದಪ್ಪ 75ಡಬ್ಲ್ಯು-90. ಕೆಲವು ಜಿಎಲ್-5 ಎಣ್ಣೆಗಳ ಗಂಧಕ ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನುತ್ತದೆ.

ಈಗ ಮೂರನೆಯ ಗೇರು ಘಟ್ಟದ ಉದ್ದಕ್ಕೂ ನಿಲ್ಲುತ್ತದೆ. ಮೊದಲ ಓಟದ ಎಣ್ಣೆ ಇಳಿಸಿದಾಗ ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್ಟಿನಲ್ಲಿ ನುಣ್ಣನೆಯ ಬೂದು ಕೆಸರಷ್ಟೇ ಇತ್ತು, ಚೂರುಗಳಿರಲಿಲ್ಲ.

ದೂರುಗಳೂ ಇವೆ. ಖರ್ಚೆಷ್ಟೆಂದು ಮೊದಲೇ ಹೇಳುವುದಿಲ್ಲ. ಕ್ಲಚ್ ಕೇಬಲನ್ನು ಅವಸರದಲ್ಲಿ ಹೊಂದಿಸಿದ್ದರು, ನಾನೇ ಸರಿಮಾಡಿಕೊಂಡೆ. ಕಳಚಿದ ಹಳೆಯ ಭಾಗಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಕೊಡುತ್ತಾರೆ, ಅವನ್ನು ನೋಡಿಯೇ ಹಣ ಕೊಡಿ. ನಗದು ಇಟ್ಟುಕೊಂಡು ಹೋಗಿ, ಶೆಡ್ಡಿನೊಳಗೆ ಸಿಗ್ನಲ್ ಸಿಗುವುದಿಲ್ಲ.