ಕುಸ್ಕೊನಾ, ಆಂಟಿಗ್ವಾನಾ? ಆಸ್ಪತ್ರೆಯಲ್ಲಿ ಸ್ಪ್ಯಾನಿಷ್ ಕಲಿತ ಎರಡು ಬಗೆ

ನಾನು ಬೆಂಗಳೂರಿನ ಜಯನಗರದಲ್ಲಿ ಫಿಸಿಯೊಥೆರಪಿಸ್ಟ್. ಆಸ್ಪತ್ರೆಯಲ್ಲಿ ವಾಲಂಟಿಯರ್ ಆಗಿ ದುಡಿಯುತ್ತಾ ಸ್ಪ್ಯಾನಿಷ್ ಕಲಿಯೋಣ ಅಂತ ಎರಡು ಸಲ ಹೋಗಿ ಬಂದೆ. 2018ರಲ್ಲಿ ಪೆರು ದೇಶದ ಕುಸ್ಕೊಗೆ, 2023ರಲ್ಲಿ ಗ್ವಾಟೆಮಾಲಾದ ಆಂಟಿಗ್ವಾಗೆ. ಎರಡೂ ಸಲ ಆರಾರು ವಾರ.

ಕುಸ್ಕೊದಲ್ಲಿ ಮೊದಲ ದಿನದಿಂದಲೇ ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಪಾಠ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಊರು ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಂಗಳೂರು 900. ಮೊದಲ ನಾಲ್ಕು ದಿನವೂ, ಮೆಟ್ಟಿಲು ಹತ್ತಿದರೆ ಸಾಕು, ಏದುಸಿರು, ತಲೆನೋವು. ನಾನಿದ್ದ ಮನೆಯವರು ಕೋಕಾ ಎಲೆ ಹಾಕಿದ ಬಿಸಿನೀರು ಕೊಡುತ್ತಿದ್ದರು. ಆಮೇಲೆ ಅದೆಲ್ಲ ಸರಿಹೋಯಿತು. ಸರಿಹೋಗದಿದ್ದದ್ದು ಭಾಷೆ.

ವಾರ್ಡಿನಲ್ಲಿ ಹಳ್ಳಿಯಿಂದ ಬಂದ ಒಬ್ಬ ಅಜ್ಜಿ ಇದ್ದರು. ಬಣ್ಣದ ಪಟ್ಟೆಯ ಹೊದಿಕೆ ಹೊದ್ದು ಮಂಚದ ತುದಿಯಲ್ಲಿ ಕೂತಿದ್ದರು. ಹೊಟ್ಟೆ ನೋವಾ ಅಂದರೆ 'ಸೀ', ಅಂದರೆ ಹೌದು. ಬೆನ್ನು ನೋವಾ? 'ಸೀ'. ನೋವೇ ಇಲ್ವಾ? ಅದಕ್ಕೂ 'ಸೀ'. ಅವರ ಮಾತು ಸ್ಪ್ಯಾನಿಷ್ ಅಲ್ಲ, ಕೆಚುವಾ, ಅಂದರೆ ಅಲ್ಲಿನ ಬೆಟ್ಟಸೀಮೆಯ ಮೂಲನಿವಾಸಿಗಳ ಭಾಷೆ. ಸಂಜೆ ಮೊಮ್ಮಗಳು ಬಂದ ಮೇಲೆ ಗೊತ್ತಾಯಿತು, ನೋವು ಮೊಣಕಾಲಿನದು. ನಮ್ಮಲ್ಲೂ ಕನ್ನಡ ಬಾರದ ಡಾಕ್ಟರ್ ಮುಂದೆ ಅಜ್ಜಿಯರು ಹೀಗೇ 'ಹ್ಞೂಂ ಹ್ಞೂಂ' ಅನ್ನೋದನ್ನು ಎಷ್ಟೋ ಸಲ ನೋಡಿದ್ದೇನೆ. ಅವತ್ತು ಆ ಡಾಕ್ಟರ್ ಜಾಗದಲ್ಲಿ ನಾನಿದ್ದೆ. ತುಂಬಾ ಸಂಕಟವಾಯಿತು. ಕೆಚುವಾದಲ್ಲಿ ನೋವಿಗೆ 'ನನಯ್' ಅಂತಾರೆ. ಅದೊಂದು ಪದವನ್ನಾದರೂ ಮೊದಲೇ ಕಲಿಸಬಹುದಿತ್ತು.

ಆಂಟಿಗ್ವಾದಲ್ಲಿ ಕ್ರಮ ಬೇರೆ. ಮೊದಲ ಮೂರು ವಾರ ಬರೀ ಪಾಠ, ದಿನಕ್ಕೆ ನಾಲ್ಕು ಗಂಟೆ, ಒಬ್ಬ ಟೀಚರ್‌ಗೆ ಒಬ್ಬರೇ ವಿದ್ಯಾರ್ಥಿ. ಟೀಚರ್ ಬೆಂಚಿನ ಮೇಲೆ ಮಲಗಿ ರೋಗಿಯಾಗುತ್ತಿದ್ದರು, ನಾನು ವ್ಯಾಯಾಮ ಮಾಡಿಸಬೇಕು. ಕನ್ನಡದವರಿಗೆ ಈ ಭಾಷೆ ಎಷ್ಟು ಹತ್ತಿರ ಅಂತ ತಿಳಿದದ್ದು ಅಲ್ಲೇ. 'ಮೆ ದುಯೆಲೆ ಲಾ ಕಬೇಸಾ' ಅಂದರೆ ಪದಕ್ಕೆ ಪದ 'ನನಗೆ ನೋಯುತ್ತೆ ತಲೆ'. ತ, ದ ಎರಡೂ ನಮ್ಮ ಹಾಗೇ ಹಲ್ಲಿಗೆ ತಾಗುತ್ತವೆ. 'ಲೆವಾಂತಾ' ಅಂದರೆ ಎತ್ತು, 'ಲೆವಾಂತೆ' ಅಂದರೆ ಎತ್ತಿ. ಇದು ಗೊತ್ತಿಲ್ಲದೆ ಕುಸ್ಕೊದಲ್ಲಿ ಆರು ವಾರ ಹಿರಿಯರಿಗೆಲ್ಲ ಏಕವಚನದಲ್ಲೇ ಮಾತಾಡಿದ್ದೆ! ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ನನಗೆ ಇವತ್ತಿಗೂ ಬೇಜಾರಿದೆ.

ಬೆಂಗಳೂರಿನಲ್ಲೇ ವಾರಾಂತ್ಯದ ಕ್ಲಾಸಿಗೂ ಹೋಗಿದ್ದೆ. ವ್ಯಾಕರಣಕ್ಕೆ ಸಾಕು. ಆದರೆ ಅಲ್ಲಿ ಕಲಿಸಿದ್ದು ಸ್ಪೇನ್ ದೇಶದ ಉಚ್ಚಾರ. ಸ್ಪೇನ್‌ನಲ್ಲಿ 'ನೀವೆಲ್ಲ' ಅನ್ನೋಕೆ ಬಳಸುವ 'ವೊಸೋತ್ರೋಸ್' ಲ್ಯಾಟಿನ್ ಅಮೆರಿಕದ ಮಾತಿನಲ್ಲಿ ಬಳಕೆಯಲ್ಲೇ ಇಲ್ಲ.

ಹೊಸದಾಗಿ ಕಲಿಯುವವರು ಆಂಟಿಗ್ವಾಗೇ ಹೋಗಿ. ಎತ್ತರವೂ 1,500 ಮೀಟರ್ ಆಸುಪಾಸು, ಮೈಗೆ ಕಷ್ಟವಿಲ್ಲ. ಈಗಾಗಲೇ ಚೆನ್ನಾಗಿ ಮಾತಾಡುವ ನರ್ಸ್, ಫಿಸಿಯೊ ಆಗಿದ್ದರೆ ಕುಸ್ಕೊ ಸರಿ, ಜೊತೆಗೆ ಸ್ವಲ್ಪ ಕೆಚುವಾ ಕಲಿತುಕೊಳ್ಳಿ. ಎಲ್ಲೇ ಆಗಲಿ, ನಿಮ್ಮೂರಲ್ಲಿ ನಿಮಗೆ ಮಾಡಲು ಬಿಡದ ಚಿಕಿತ್ಸೆಗೆ ಅಲ್ಲೂ ಕೈ ಹಾಕಬೇಡಿ.

ನಾಲ್ಕನೇ ವಾರ, ಆಂಟಿಗ್ವಾದ ವಾರ್ಡಿನಲ್ಲಿ ಪಾರ್ಶ್ವವಾಯು ಆಗಿದ್ದ ಒಬ್ಬ ತಾತನಿಗೆ 'ಲೆವಾಂತೆ ಲಾ ಪಿಯೆರ್ನಾ' ಅಂದೆ. ಕಾಲು ಎತ್ತಿ. ಹಾಸಿಗೆಯಿಂದ ಎರಡು ಬೆರಳಷ್ಟು ಎತ್ತಿದರು. 'ಅಸೀ?' ಅಂದರು. ಹೀಗಾ?

'ಉನ್ ಪೊಕೀತೊ ಮಾಸ್' ಅಂದೆ. ಇನ್ನೊಂಚೂರು.