ರೆಡ್ ಡೆಡ್ ರಿಡೆಂಪ್ಷನ್ 2 ಮುಗಿದ ಮೇಲಿನ ಖಾಲಿತನ: ಯಾವ ಮದ್ದು ಎಷ್ಟು ಹಿಡಿಯುತ್ತೆ?

ಮೊದಲೇ ಹೇಳಿಬಿಡ್ತೀನಿ, ಇಲ್ಲಿ ರೆಡ್ ಡೆಡ್ 2ರ ಕೊನೆ ಪೂರ್ತಿ ಬಯಲಾಗಿದೆ. ಎಪಿಲಾಗ್ (ಮುಖ್ಯ ಕಥೆಯ ನಂತರದ ಕೊನೆಯ ಭಾಗ) ಇನ್ನೂ ಬಾಕಿ ಇದ್ದವರು ಮುಗಿಸಿಕೊಂಡು ಬನ್ನಿ. 2010ರ ಮೊದಲ ರೆಡ್ ಡೆಡ್ ರಿಡೆಂಪ್ಷನ್‌ನ ಕೊನೆಯನ್ನು ಮಾತ್ರ ಮುಟ್ಟಿಲ್ಲ.

2018ರಲ್ಲಿ ಕನ್ಸೋಲ್‌ಗೆ, 2019ರಲ್ಲಿ ಪಿಸಿಗೆ ಬಂದ, ಕೌಬಾಯ್ ಕಾಲದ ದರೋಡೆ ಗ್ಯಾಂಗೊಂದರ ಕಥೆಯ ವಿಡಿಯೊ ಗೇಮ್ ಇದು. ಆದರೂ ದೊಡ್ಡ ಡಿಸ್ಕೌಂಟ್ ಬಂದಾಗಲೆಲ್ಲ ಹೊಸ ಗುಂಪೊಂದು ಕೊಳ್ಳುತ್ತೆ, ಅರವತ್ತೋ ಎಂಬತ್ತೋ ಗಂಟೆ ಆಡುತ್ತೆ, ಆಮೇಲೆ ಒಂದೇ ಪ್ರಶ್ನೆ ಕೇಳುತ್ತೆ: ಇನ್ನು ಯಾವುದೂ ರುಚಿಸ್ತಿಲ್ಲ, ಏನು ಮಾಡೋದು? ಮದುವೆ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮಾರನೇ ದಿನದ ಮನೆ ಹೇಗಿರುತ್ತೋ ಹಾಗಿರುತ್ತೆ ಆಗ ತಲೆ.

ಮದ್ದು ಆರಿಸುವ ಮೊದಲು ಯಾವುದು ಖಾಲಿಯಾಗಿದೆ ಅಂತ ನೋಡಿಕೊಳ್ಳಬೇಕು. ಒಂದು, ಜನ: ನಾವು ಆಡೋ ನಾಯಕ ಆರ್ಥರ್, ಅವನ ಗ್ಯಾಂಗಿನ ಹೋಸಿಯಾ, ಲೆನ್ನಿ, ಕ್ಯಾಂಪಿನಲ್ಲಿ ಬೆಂಕಿ ಸುತ್ತ ಕೂತು ಹಾಡುತ್ತಿದ್ದವರು. ಎರಡು, ದಿನಚರಿ: ಬೆಳಗೆದ್ದು ಕಾಫಿ, ಕುದುರೆ ಮೈ ಉಜ್ಜೋದು, ಜಿಂಕೆ ಹೊಡೆದು ಚರ್ಮ ಸುಲಿಯೋದು, ರಾತ್ರಿ ಒಂಬತ್ತಾದರೆ ಕಂಟ್ರೋಲರ್ ಕೈಗೆ ಬರೋದು. ಈ ಗೇಮ್ ಎರಡನ್ನೂ ಬೇಕಂತಲೇ ನಿಧಾನವಾಗಿ ಕಟ್ಟುತ್ತೆ. ಆರನೇ ಚಾಪ್ಟರ್‌ನ ಕೊನೆಗೆ ಆರ್ಥರ್ ಹೋಗ್ತಾನೆ, ಕ್ಯಾಂಪ್ ಚೆದುರುತ್ತೆ, 1907ಕ್ಕೆ ಹಾರಿ ಅದೇ ಗ್ಯಾಂಗಿನ ಜಾನ್‌ನ ಕೈಗೆ ಕಥೆ ಕೊಡುತ್ತೆ. ಕ್ರೆಡಿಟ್ಸ್ ಆದ ಮೇಲೆ ಮ್ಯಾಪ್ ಪೂರ್ತಿ ತೆರೆದಿರುತ್ತೆ, ನ್ಯೂ ಆಸ್ಟಿನ್ ಕೂಡ. ಇಲ್ಲದಿರೋದು ಕ್ಯಾಂಪ್ ಒಂದೇ. ಕೆಳಗಿನ ದಾರಿಗಳಲ್ಲಿ ಕೆಲವು ಜನರ ಕೊರತೆಗೆ ಮದ್ದು, ಕೆಲವು ದಿನಚರಿಯ ಕೊರತೆಗೆ. ಒಂದಕ್ಕಿರೋದನ್ನು ಇನ್ನೊಂದಕ್ಕೆ ಹಚ್ಚಿದರೆ ಹಿಡಿಯಲ್ಲ.

ಎಪಿಲಾಗ್‌ನಲ್ಲೇ ಉಳಿದು ಎಲ್ಲರನ್ನೂ ನೋಡಿ ಬರೋದು

ಖರ್ಚಿಲ್ಲ, ಹೊಸ ಇನ್‌ಸ್ಟಾಲ್ ಇಲ್ಲ. ಆದರೂ ಹೆಚ್ಚಿನವರು ಕ್ರೆಡಿಟ್ಸ್ ಮುಗಿದ ತಕ್ಷಣ ಗೇಮ್ ಮುಚ್ಚಿ ಈ ದಾರಿಯನ್ನೇ ಬಿಟ್ಟುಬಿಡ್ತಾರೆ. ಸತ್ತ ಸಂಗಾತಿಗಳ ಒಂಬತ್ತು ಸಮಾಧಿಗಳು ಮ್ಯಾಪಿನ ತುಂಬ ಹರಡಿವೆ. ಎಲ್ಲವನ್ನೂ ಹತ್ತಿರ ಹೋಗಿ ನೋಡಿದರೆ ಒಂದು ಟ್ರೋಫಿಯೂ ಸಿಗುತ್ತೆ. ಆರ್ಥರ್‌ನದು ಬ್ಯಾಕಸ್ ಸ್ಟೇಷನ್‌ನ ಈಶಾನ್ಯಕ್ಕೆ ಬೆಟ್ಟದ ಮೇಲೆ. ನಿಮ್ಮ ಆನರ್ (ಗೇಮ್ ಇಡೋ ಒಳ್ಳೇತನದ ಲೆಕ್ಕ) ಹೆಚ್ಚಿದ್ದರೆ ಸುತ್ತ ಹೂ ಬೆಳೆದಿರುತ್ತೆ. ಹೋಸಿಯಾ ಮತ್ತು ಲೆನ್ನಿ ಸೇಂಟ್ ಡೆನಿಸ್‌ನ ಉತ್ತರದ ಜೌಗಿನ ಕಡೆ ಅಕ್ಕಪಕ್ಕ ಮಲಗಿದ್ದಾರೆ. ಡೇವಿ ಕೋಲ್ಟರ್‌ನಲ್ಲಿ, ಮಿಸ್ ಗ್ರಿಮ್‌ಷಾ ಬೀವರ್ ಹಾಲೋದಲ್ಲಿ. ಬರೀ ಪಕ್ಕದಲ್ಲಿ ಹಾದುಹೋದರೆ ಲೆಕ್ಕಕ್ಕೆ ಬರಲ್ಲ, ಪರದೆ ಮೇಲೆ ಬಟನ್ ಬಂದಾಗ ಒತ್ತಬೇಕು.

ಬದುಕಿರೋರೂ ಇದ್ದಾರೆ. ಮೇರಿ-ಬೆತ್ ವ್ಯಾಲೆಂಟೈನ್ ರೈಲ್ವೆ ಸ್ಟೇಷನ್‌ನಲ್ಲಿ ಸಿಗ್ತಾಳೆ, ಟಿಲ್ಲಿ ಸೇಂಟ್ ಡೆನಿಸ್‌ನಲ್ಲಿ. ಪಿಯರ್ಸನ್ ರೋಡ್ಸ್‌ನ ಜನರಲ್ ಸ್ಟೋರ್ ನಡೆಸ್ತಿದ್ದಾನೆ. ಅಂಗಡಿ ಗೋಡೆಯ ಮೇಲೆ ಹಳೇ ಗ್ಯಾಂಗಿನ ಫೋಟೋ ಇದೆ, ಸಾಮಾನು ಕೊಂಡು ಓಡಬೇಡಿ, ನಿಂತು ನೋಡಿ. ಒಂದು ಹೊತ್ತಿಗೆ ಯಾರೂ ಕಾಣದಿದ್ದರೆ ಬೇರೆ ಹೊತ್ತಿಗೆ ಹೋಗಿ ನೋಡಿ.

ಇದಕ್ಕಿಂತ ದೊಡ್ಡದು ಸ್ಯಾಚೆಲ್‌ನಲ್ಲಿರೋ (ಹೆಗಲ ಚೀಲದಲ್ಲಿರೋ) ಡೈರಿ. ಆರ್ಥರ್‌ನ ಡೈರಿಯೇ ಜಾನ್‌ನ ಕೈಗೆ ಬಂದಿರೋದು. ಹಿಂದಿನ ಪುಟಗಳಲ್ಲಿ ಆರ್ಥರ್ ಬರೆದ ಚಿತ್ರಗಳು: ಹಕ್ಕಿ, ಮರ, ಮನುಷ್ಯರ ಮುಖ, ಪಳಗಿದ ಕೈ. ಮುಂದಿನ ಪುಟಗಳಲ್ಲಿ ಜಾನ್‌ನ ಗೀಚು, ಮಕ್ಕಳ ಸ್ಲೇಟಿನಂತೆ ಒರಟು. ಆಡುವಾಗ ಈ ಡೈರಿಯನ್ನು ಮುಕ್ಕಾಲು ಪಾಲು ಜನ ತೆರೆದೇ ಇರಲ್ಲ ಅನ್ನೋದು ನನ್ನ ಗುಮಾನಿ. ಮೊದಲ ಪುಟದಿಂದ ಓದಿದರೆ ಒಂದು ಸಂಜೆ ಹೋಗುತ್ತೆ, ಆರ್ಥರ್ ಬಾಯಲ್ಲಿ ಆಡದ ಮಾತುಗಳೆಲ್ಲ ಅಲ್ಲಿವೆ.

ಜನರ ಕೊರತೆಗೆ ನನಗೆ ಸಿಕ್ಕ ಅತಿ ಒಳ್ಳೆ ಮದ್ದು ಇದೇ, ಯಾಕಂದರೆ ಇಲ್ಲಿ ವಿದಾಯ ಹೇಳೋಕೆ ಜಾಗ ಇದೆ. ಆದರೆ ನಾಲ್ಕೈದು ಸಂಜೆಗೆ ಮುಗಿಯುತ್ತೆ. ಅದಾದ ಮೇಲೂ ಅಲ್ಲೇ ಅಲೆದಾಡಿದರೆ ತಿರುಗುಮುರುಗು. ಬೌಂಟಿ, ಬೇಟೆ, ನೂರು ಪರ್ಸೆಂಟ್ ಅಂತ ಹೊರಟರೆ ಹಳೇ ದಿನಚರಿ ಖಾಲಿ ಕ್ಯಾಂಪಿನ ಸುತ್ತ ಸುತ್ತುತ್ತೆ, ಬೇಸರ ಹೆಚ್ಚಾಗುತ್ತೆ.

ಮೊದಲಿಂದ ಮತ್ತೆ ಆಡೋದು

ಈ ಗೇಮ್‌ನಲ್ಲಿ ನ್ಯೂ ಗೇಮ್ ಪ್ಲಸ್ (ಗಳಿಸಿದ್ದನ್ನು ಇಟ್ಟುಕೊಂಡೇ ಮೊದಲಿಂದ ಆಡೋ ಸೌಲಭ್ಯ) ಇಲ್ಲ. ಪಾಝ್ ಮೆನುವಿನ ಪ್ರೋಗ್ರೆಸ್ ಒಳಗೆ ಹಳೇ ಮಿಷನ್‌ಗಳನ್ನು ಬಿಡಿಬಿಡಿಯಾಗಿ ಆಡಬಹುದು, ಗೋಲ್ಡ್ ಮೆಡಲ್ ಬೇಟೆಗೆ ಅದು ಸರಿ. ಆದರೆ ಮಿಷನ್ ಮುಗಿದ ತಕ್ಷಣ ಹೊರಗೆ ಹಾಕುತ್ತೆ. ಆರ್ಥರ್ ಆಗಿ ಕ್ಯಾಂಪಿನಲ್ಲಿ ಓಡಾಡೋಕೆ ಬಿಡಲ್ಲ. ಅದಕ್ಕೆ ಬೇಕಾಗೋದು ಎರಡನೇ ಚಾಪ್ಟರ್‌ನ ಸೇವ್.

ಆ ಚಾಪ್ಟರ್‌ನ ಕ್ಯಾಂಪ್ ಹಾರ್ಸ್‌ಶೂ ಓವರ್‌ಲುಕ್‌ನಲ್ಲಿ, ಗ್ಯಾಂಗಿನ ಬಡ್ಡಿ ವ್ಯವಹಾರ ನೋಡೋ ಸ್ಟ್ರಾಸ್‌ನ ಸಾಲ ವಸೂಲಿಗೆ ಡೌನ್ಸ್ ಮನೆಗೆ ಹೋಗೋ ಮೊದಲು ಇಟ್ಟ ಸೇವ್ ಇದ್ದರೆ ನೀವು ಪುಣ್ಯವಂತರು. ಆರ್ಥರ್‌ಗೆ ಕ್ಷಯ ಅಂಟೋದು ಆ ಮಿಷನ್‌ನಲ್ಲಿ. ಅದನ್ನು ಮಾಡದೆ ಎರಡನೇ ಚಾಪ್ಟರ್‌ನಲ್ಲೇ ತಿಂಗಳುಗಟ್ಟಲೆ ಬೇಟೆ, ಮೀನು, ಪೋಕರ್ ಅಂತ ಬದುಕೋರು ಇದ್ದಾರೆ, ಅವರನ್ನು ತಮಾಷೆ ಮಾಡಬೇಡಿ. ದಿನಚರಿಯ ಕೊರತೆ ಅರ್ಧಕ್ಕರ್ಧ ತುಂಬುತ್ತೆ, ಜನರೂ ಬದುಕಿರ್ತಾರೆ.

ಸೇವ್ ಇಲ್ಲದಿದ್ದರೆ ಹೊಸದಾಗಿ ಶುರು ಮಾಡಬೇಕು. ಅಲ್ಲಿ ತೊಡಕು ಮೊದಲ ಚಾಪ್ಟರ್: ಹಿಮ, ಹೇಳಿದ ಕಡೆಗೇ ಹೋಗಬೇಕು, ಮನಬಂದಂತೆ ಅಲೆಯೋಕೆ ಇಲ್ಲ. ಆ ಎರಡು ಮೂರು ಗಂಟೆಯಲ್ಲೇ ಹಲವರು ಕೈಬಿಡ್ತಾರೆ. ಒಂದೇ ಕೂತಲ್ಲಿ ಅದನ್ನು ದಾಟಿಬಿಡೋದು ಜಾಣತನ. ಎರಡನೇ ಸಲಕ್ಕೆ ಆನರ್ ತಿರುಗಿಸಿ ಕೆಟ್ಟವನಾಗಿ ಆಡ್ತೀನಿ ಅನ್ನೋರಿಗೆ ಒಂದು ಮಾತು: ಕೇಳೋಕೆ ಚೆನ್ನಾಗಿರುತ್ತೆ, ಆದರೆ ಮುಖ್ಯ ಕಥೆಯ ಸಂಭಾಷಣೆಗಳಲ್ಲಿ ಬದಲಾವಣೆ ಕಡಿಮೆ, ಮನಸ್ಸು ಒಪ್ಪದೆ ಅರ್ಧಕ್ಕೆ ಒಳ್ಳೆಯವನಾಗಿಬಿಡ್ತೀರಿ. ಮುಗಿದ ವಾರದೊಳಗೆ ಮತ್ತೆ ಶುರು ಮಾಡೋದಂತೂ ಬೇಡ. ಪ್ರತಿ ಮಾತೂ ನೆನಪಿರುತ್ತೆ, ಮಿಷನ್‌ಗಳು ಹಗ್ಗ ಕಟ್ಟಿದಂತೆ ಒಂದೇ ದಾರಿಯಲ್ಲಿ ನಡೆಸೋದು ಎದ್ದು ಕಾಣುತ್ತೆ. ಆರು ತಿಂಗಳು ಬಿಟ್ಟರೆ ಅದೇ ಆಟ ಬೇರೆಯೇ ಆಗಿ ಕಾಣುತ್ತೆ. ಗ್ಯಾಂಗಿನ ಮುಖಂಡ ಡಚ್‌ನ ಒಂದೊಂದು ಭಾಷಣದಲ್ಲೂ ಮುಂದಿನ ಬಿರುಕು ಕೇಳಿಸುತ್ತೆ.

ಪಿಸಿಯಲ್ಲಿ ಟ್ರೇನರ್ ಮಾಡ್ (ಗೇಮ್ ಬದಲಿಸೋಕೆ ಹೊರಗಿನವರು ಮಾಡಿದ ಫೈಲ್) ಹಾಕಿ ಎಪಿಲಾಗ್‌ನಲ್ಲಿ ಆರ್ಥರ್‌ನ ರೂಪ ತರೋರೂ ಇದ್ದಾರೆ. ಮುಖ ಬರುತ್ತೆ, ಕ್ಯಾಂಪ್ ಬರಲ್ಲ. ಸಮಾಧಾನಕ್ಕಿಂತ ಕಿರಿಕಿರಿಯೇ ಜಾಸ್ತಿ. ಮಾಡ್ ಹಾಕಿದ ಗೇಮ್‌ನಿಂದ ಆನ್‌ಲೈನ್‌ಗೆ ಹೋಗಲೇಬೇಡಿ, ಅಕೌಂಟ್ ಬ್ಯಾನ್ ಆಗಬಹುದು.

ಮೊದಲ ರೆಡ್ ಡೆಡ್ ರಿಡೆಂಪ್ಷನ್

2024ರ ಅಕ್ಟೋಬರ್‌ನಿಂದ ಪಿಸಿಯಲ್ಲೂ ಸಿಗುತ್ತೆ. 2ಕ್ಕೆ 150 ಜಿಬಿ ಬೇಕಾದರೆ ಇದಕ್ಕೆ 12 ಜಿಬಿ ಸಾಕು, ಹಳೇ ಲ್ಯಾಪ್‌ಟಾಪ್ ಕೂಡ ಎಳೆಯುತ್ತೆ. ಅನ್‌ಡೆಡ್ ನೈಟ್‌ಮೇರ್ ಜೊತೆಗೇ ಬರುತ್ತೆ. ಅದು ತಮಾಷೆಯ ಝಾಂಬಿ ಕಥೆ, ಈ ಕೊರತೆಗೆ ಸಂಬಂಧವಿಲ್ಲ. ಕಥೆ 1911ರದು, ಮುಖ್ಯ ಭಾಗ ಹೆಚ್ಚೂಕಡಿಮೆ ಇಪ್ಪತ್ತು ಗಂಟೆ.

ಜಾನ್ ಮುಂದೇನಾದ, ಗ್ಯಾಂಗಿನ ಬಿಲ್, ಹಾವಿಯರ್, ಡಚ್ ಎಲ್ಲಿಗೆ ಬಂದು ನಿಂತರು ಅನ್ನೋದಕ್ಕೆ ಉತ್ತರ ಇಲ್ಲಿದೆ. ಆದರೆ ಆರ್ಥರ್‌ನ ಹೆಸರು ಒಬ್ಬರ ಬಾಯಲ್ಲೂ ಬರಲ್ಲ. ಎಂಟು ವರ್ಷ ಮೊದಲು ಮಾಡಿದ ಗೇಮ್‌ನಲ್ಲಿ ಅವನು ಹುಟ್ಟಿರಲೇ ಇಲ್ಲ. ಇದನ್ನು ಮೊದಲೇ ತಿಳಿದು ಹೋದರೆ ಒಳ್ಳೇದು, ಇಲ್ಲದಿದ್ದರೆ ಇಪ್ಪತ್ತು ಗಂಟೆ ಕಿವಿ ನೆಟ್ಟಗೆ ಮಾಡಿಕೊಂಡು ಕಾದು ಸೋಲ್ತೀರಿ.

2ರಿಂದ ನೇರ ಇದಕ್ಕೆ ಇಳಿದರೆ ಮೊದಲ ಸಂಜೆ ಒರಟು ಅನಿಸುತ್ತೆ. ಮುಖಗಳು ಗಟ್ಟಿ, ಗುಂಡಿನ ಕಾಳಗ ಸರಳ. ಕುದುರೆ ಮೈ ಉಜ್ಜೋದು, ಊಟ, ಕ್ಯಾಂಪಿನ ಕೆಲಸ ಯಾವುದೂ ಇಲ್ಲ. ಅದೇ ಲಾಭ: ದಿನಚರಿ ಬೇರೆಯಾದ್ದರಿಂದ ಹೋಲಿಸೋಕೆ ಏನೂ ಉಳಿಯಲ್ಲ, ಕಥೆಯ ನಂಟು ಮಾತ್ರ ಉಳಿಯುತ್ತೆ. ನಡುವಿನ ಮೆಕ್ಸಿಕೊ ಭಾಗ ಎಳೆದಂತಿದೆ, ಅಲ್ಲೇ ಜನ ಬಿಡೋದು. ಬೇಕಿದ್ದರೆ ಅಲ್ಲಿನ ಸೈಡ್ ಮಿಷನ್ ಬಿಟ್ಟು ಮುಖ್ಯ ಕಥೆ ಮಾತ್ರ ಹಿಡಿದು ದಾಟಿ. ಮೆಕ್ಸಿಕೊಗೆ ಮೊದಲ ಸಲ ಕಾಲಿಟ್ಟಾಗ ಹಾಡೊಂದು ಶುರುವಾಗುತ್ತೆ. ಆಗ ಮಾತ್ರ ಕುದುರೆಯಿಂದ ಇಳಿಯಬೇಡಿ, ದಾರಿಯಲ್ಲೇ ನಿಧಾನ ಸಾಗಿ. ಕೊನೆಯ ಭಾಗ ಬೀಚರ್ಸ್ ಹೋಪ್‌ನಲ್ಲೇ ನಡೆಯುತ್ತೆ. 2ರ ಎಪಿಲಾಗ್‌ನಲ್ಲಿ ಜಾನ್ ಆಗಿ ನೀವೇ ಮೊಳೆ ಹೊಡೆದು ಕಟ್ಟಿದ ಜಾಗ ಅದು. ಅಲ್ಲಿ ದನ ಮೇಯಿಸೋ ಮಿಷನ್‌ಗಳನ್ನು ಬೇಜಾರು ಅಂತ ಸ್ಕಿಪ್ ಮಾಡಬೇಡಿ.

ಖಾಲಿತನ ಕಳೆಯೋಕೆ ಹೊರಟವರಿಗೆ ಇದರ ಕೊನೆ ಮೃದುವಲ್ಲ ಅನ್ನೋದನ್ನಷ್ಟೇ ಹೇಳ್ತೀನಿ. ಆದರೆ 2 ಎತ್ತಿದ ಪ್ರಶ್ನೆಗಳು ಇಲ್ಲಿಗೆ ಬಂದು ನಿಲ್ಲುತ್ತವೆ. ಹೊಸ ಗಾಯ ಬೇಡ ಅನ್ನೋರು ಒಂದು ತಿಂಗಳು ಬಿಟ್ಟು ಬನ್ನಿ.

ಇನ್ನೊಂದು ದೊಡ್ಡ ಗೇಮ್

ಎಲ್ಲರೂ ಮೊದಲು ಮಾಡೋದು ಇದನ್ನೇ, ಎಲ್ಲಕ್ಕಿಂತ ಕಡಿಮೆ ಹಿಡಿಯೋದೂ ಇದೇ. ವಿಚರ್ 3, ಘೋಸ್ಟ್ ಆಫ್ ಸುಶಿಮಾ ಎರಡೂ ಒಳ್ಳೆಯ ಗೇಮ್‌ಗಳು, ಅದೇ ತೊಂದರೆ: ಕುದುರೆ, ಬಯಲು, ಹಿಂದಿನಿಂದ ನೋಡೋ ಕ್ಯಾಮೆರಾ ಎಲ್ಲ ಒಂದೇ ಥರ. ಕೈ ಹಳೇ ಬಟನ್ನನ್ನೇ ಹುಡುಕುತ್ತೆ, ತಲೆ ಹಳೇ ಕುದುರೆಯನ್ನೇ. ವಿಚರ್ 3ರ ವೈಟ್ ಆರ್ಚರ್ಡ್‌ನಲ್ಲೇ ಬಿಟ್ಟು, ಅದು ಚೆನ್ನಾಗಿಲ್ಲ ಅಂತ ತೀರ್ಪು ಕೊಡೋರಲ್ಲಿ ಬಹಳಷ್ಟು ಜನ ಇಂಥ ವಾರದಲ್ಲಿ ಆಡಿದವರು.

ದೊಡ್ಡದೇ ಬೇಕಿದ್ದರೆ ಆಕಾರವೇ ಬೇರೆಯಿರಲಿ. ಡಿಸ್ಕೊ ಎಲಿಸಿಯಂ: ಮೇಲಿನಿಂದ ನೋಡೋ ಕ್ಯಾಮೆರಾ, ಗುಂಡಿನ ಕಾಳಗವೇ ಮುಖ್ಯವಲ್ಲದ ಆಟ, ಎಲ್ಲ ಓದೋದು. ಔಟರ್ ವೈಲ್ಡ್ಸ್: ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಜಗತ್ತು ಮೊದಲಿಗೆ ಮರಳುತ್ತೆ, ಮಟ್ಟ ಏರಿಸೋದು ಇಲ್ಲ, ನಕ್ಷೆಯಲ್ಲಿ ಗುರುತು ಇಲ್ಲ. ಇವಕ್ಕೆ ರೆಡ್ ಡೆಡ್ ಜೊತೆ ಹೋಲಿಕೆಯೇ ಹುಟ್ಟಲ್ಲ.

ಚಿಕ್ಕ ಗೇಮ್, ಕೈಗೆ ಕೆಲಸ

ಎ ಷಾರ್ಟ್ ಹೈಕ್ ಒಂದೆರಡು ಗಂಟೆಗೆ ಮುಗಿಯುತ್ತೆ, ಅನ್‌ಪ್ಯಾಕಿಂಗ್ ನಾಲ್ಕು ಗಂಟೆಗೆ. ಹೇಡಿಸ್‌ನ ಒಂದು ರನ್ ಅರ್ಧ ಗಂಟೆ. ರಾತ್ರಿ ಒಂಬತ್ತರ ಹೊತ್ತಿಗೆ ಕೈ ತುರಿಸೋರಿಗೆ ಇವು ಸರಿಯಾದ ಮದ್ದು, ದಿನಚರಿ ಉಳಿಯುತ್ತೆ, ಭಾರ ಇರಲ್ಲ. ಫೈರ್‌ವಾಚ್ ಕೂಡ ಚಿಕ್ಕದು, ಚಂದ. ಆದರೆ ಅದರ ಕೊನೆಯೂ ಒಂಟಿತನವನ್ನೇ ಬಿಟ್ಟು ಹೋಗುತ್ತೆ, ಈ ವಾರಕ್ಕೆ ಬೇಡ.

ರೆಡ್ ಡೆಡ್ ಆನ್‌ಲೈನ್ (2ರದೇ ಜಗತ್ತಲ್ಲಿ ಇಂಟರ್ನೆಟ್ ಮೂಲಕ ಬೇರೆಯವರ ಜೊತೆ ಆಡೋದು) ಬಗ್ಗೆ ಎರಡೇ ಮಾತು. ಮಾತೇ ಆಡದ ನಾಯಕ, ಮತ್ತು 2022ರ ನಂತರ ದೊಡ್ಡ ಅಪ್‌ಡೇಟ್ ಇಲ್ಲ. ಸ್ನೇಹಿತರು ಮೂವರು ಜೊತೆಗಿದ್ದರೆ ಮೋಜು, ಒಬ್ಬರೇ ಹೋದರೆ ಅದೇ ಬಯಲು ಇನ್ನೂ ಖಾಲಿ ಕಾಣುತ್ತೆ.

ಬರೀ ನೋಡೋದು, ಕೇಳೋದು

ವುಡಿ ಜಾಕ್ಸನ್‌ನ ಹಿನ್ನೆಲೆ ಸಂಗೀತ ಹಾಕಿಕೊಂಡು ಕೂತರೆ ಮೊದಲೆರಡು ದಿನ ಸುಖ, ಆಮೇಲೆ ಗಾಯ ಕೆರೆದುಕೊಂಡ ಹಾಗೆ. ಇದಕ್ಕಿಂತ ಗೆಳೆಯನೋ ತಂಗಿಯೋ ಮೊದಲ ಸಲ ಆಡೋದನ್ನು ಪಕ್ಕದಲ್ಲಿ ಕೂತು ನೋಡೋದು ಎಷ್ಟೋ ಮೇಲು. ಷರತ್ತು ಒಂದೇ, ಮುಂದೇನಾಗುತ್ತೆ ಅಂತ ಮುಖದಲ್ಲೂ ತೋರಿಸಬಾರದು. ಡೌನ್ಸ್ ಮನೆಯ ಮುಂದೆ ಅದು ಕಷ್ಟ.

ಏನೂ ಆಡದಿರೋದು

ಹತ್ತು ದಿನ ಸಾಕು. ಮೊದಲ ಮೂರು ಸಂಜೆ ಒದ್ದಾಟ, ಆಮೇಲೆ ಇಳಿಯುತ್ತೆ. ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳದಿದ್ದರೆ ಮಾತ್ರ ಫೋನ್ ಸ್ಕ್ರೋಲ್ ಮಾಡ್ತಾ ಅದೇ ಗೇಮ್‌ನ ತುಣುಕು ವಿಡಿಯೊಗಳಿಗೆ ಬೀಳ್ತೀರಿ, ಬಿಟ್ಟಂತೆ ಆಗಲ್ಲ. ಎರಡು ವಾರ ದಾಟಿಯೂ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಅದು ಗೇಮ್‌ನ ಮಾತಲ್ಲ. ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೇಮ್ ಮತ್ತು ಫೋನ್ ಬಳಕೆಯ ತೊಂದರೆಗೆಂದೇ ಷಟ್ ಕ್ಲಿನಿಕ್ ಇದೆ.

ನನ್ನ ಕ್ರಮ ಹೀಗೆ: ಮೊದಲು ಸಮಾಧಿ ಮತ್ತು ಡೈರಿ, ಆಮೇಲೆ ಹತ್ತು ದಿನ ಬಿಡುವು ಇಲ್ಲವೇ ಚಿಕ್ಕ ಗೇಮ್, ಆಮೇಲೆ ಮೊದಲ ರೆಡ್ ಡೆಡ್. ಮರು ಆಟ ಮುಂದಿನ ವರ್ಷಕ್ಕೆ. ಜಾಗ ಬೇಕು ಅಂತ 150 ಜಿಬಿ ಅಳಿಸೋ ಮೊದಲು ಸೇವ್ ಫೈಲ್ ಕಾಪಿ ಮಾಡಿಕೊಳ್ಳಿ. ಪಿಸಿಯಲ್ಲಿ ಅದು ಗೇಮ್ ಫೋಲ್ಡರ್‌ನಲ್ಲಿ ಇರಲ್ಲ. ಡಾಕ್ಯುಮೆಂಟ್ಸ್ ಒಳಗೆ ರಾಕ್‌ಸ್ಟಾರ್ ಗೇಮ್ಸ್, ಅದರೊಳಗೆ ರೆಡ್ ಡೆಡ್ ರಿಡೆಂಪ್ಷನ್ 2, ಅದರೊಳಗೆ ಪ್ರೊಫೈಲ್ಸ್. ವಿಂಡೋಸ್ ಹೊಸದಾಗಿ ಹಾಕುವಾಗ ಸೇವ್ ಹೋಗೋದು ಇದನ್ನು ಮರೆತೇ. ಮತ್ತೆ ಇನ್‌ಸ್ಟಾಲ್ ಮಾಡಿದಾಗ ಲಾಂಚರ್ ಕ್ಲೌಡ್‌ನ ಸೇವ್ ಬೇಕೋ ಕಂಪ್ಯೂಟರಿನದು ಬೇಕೋ ಅಂತ ಕೇಳಿದರೆ ಆತುರ ಬೇಡ, ತಾರೀಕು ನೋಡಿ ಒತ್ತಿ. ತಪ್ಪಿ ಒತ್ತಿದರೆ ಒಂದರ ಮೇಲೆ ಇನ್ನೊಂದು ಬರೆದುಕೊಳ್ಳುತ್ತೆ.