ನೊರೆ ಚೆನ್ನಾಗಿ ಬರುತ್ತದೆ, ಅಳತೆ ಮಾತ್ರ ನೀವೇ ನೋಡಬೇಕು: ಗೋಡೆಗೆ ಕೂರಿಸುವ ಫೋಮ್ ಯೂನಿಟ್

ಆಹಾರ ತಯಾರಿಸುವ ಪ್ಲಾಂಟ್‌ನಲ್ಲಿ ರಾತ್ರಿ ಪಾಳಿಯ ಕ್ಲೀನಿಂಗ್ ನೋಡಿಕೊಳ್ಳುವವರಿಗೆ ಇದು ಉಪಯೋಗ ಆಗಬಹುದು. ನಾವು ಹೈ ಪ್ರೆಶರ್ ವಾಷರ್ ಬಿಟ್ಟು ಗೋಡೆಗೆ ಕೂರಿಸುವ ಫೋಮ್ ಯೂನಿಟ್ ಹಾಕಿಸಿದೆವು. ನೊರೆ ಹಾಕುವುದು, ತೊಳೆಯುವುದು, ಕೊನೆಗೆ ಸ್ಯಾನಿಟೈಸರ್ ಸಿಂಪಡಿಸುವುದು ಎಲ್ಲಾ ಒಂದೇ ಪೆಟ್ಟಿಗೆಯಿಂದ. ನನಗೆ ಇಷ್ಟವಾಗಿದೆ. ಇನ್ನೊಂದು ಲೈನ್‌ಗೂ ಇದನ್ನೇ ಕೇಳಿದ್ದೇನೆ.

ಹೈ ಪ್ರೆಶರ್ ನೀರು ಹೊಡೆದರೆ ಕೊಳೆ ಹಾರಿಹೋಗುತ್ತದೆ, ನಿಜ. ಆದರೆ ಹಾರಿ ಎಲ್ಲಿಗೆ ಹೋಗುತ್ತದೆ? ಸಣ್ಣ ಸಣ್ಣ ಹನಿಯಾಗಿ ಪಕ್ಕದಲ್ಲಿ ಆಗಲೇ ತೊಳೆದಿಟ್ಟ ಮೆಷಿನ್ ಮೇಲೆ ಕೂರುತ್ತದೆ. ಡ್ರೈನ್ ಕಡೆ ಹೊಡೆದರಂತೂ ಅಲ್ಲಿ ಅಡಗಿದ್ದ ಲಿಸ್ಟೀರಿಯಾ ಕೂಡ ಮೇಲೆದ್ದು ಬರಬಹುದು, ಅದು 4 ಡಿಗ್ರಿಯಲ್ಲೂ ಬೆಳೆಯುವ ಬ್ಯಾಕ್ಟೀರಿಯಾ, ಹಾಗಾಗಿ ಕೋಲ್ಡ್ ರೂಮ್ ಇದೆಯಲ್ಲ ಅಂತ ಸುಮ್ನೆ ಇರೋಕಾಗಲ್ಲ. ಜೊತೆಗೆ ಬೇರಿಂಗ್ ಒಳಗೆ ನೀರು ನುಗ್ಗಿ ಗ್ರೀಸ್ ಹಾಳಾಗುತ್ತದೆ. ಫೋಮ್ ಯೂನಿಟ್‌ನಲ್ಲಿ ಒತ್ತಡ ಕಡಿಮೆ, ಈ ಕಾಟ ತುಂಬಾ ತಗ್ಗಿದೆ.

ನೊರೆಯ ಲಾಭ ಏನೆಂದರೆ ಅದು ನಿಲ್ಲುತ್ತದೆ. ಬೆಲ್ಟ್‌ನ ಅಡಿ, ಸ್ಟೀಲ್ ಗೋಡೆ, ಎಲ್ಲಿ ನೀರು ಜಾರಿಹೋಗುತ್ತದೋ ಅಲ್ಲೆಲ್ಲಾ ಅಂಟಿಕೊಂಡು ಜಿಡ್ಡು ಬಿಡಿಸೋಕೆ ಕೆಮಿಕಲ್‌ಗೆ ಸಮಯ ಸಿಗುತ್ತದೆ. ಸಾಮಾನ್ಯವಾಗಿ 10 ನಿಮಿಷ ಸಾಕು, ಒಣಗಲು ಮಾತ್ರ ಬಿಡಬಾರದು. ಈ ಯೂನಿಟ್‌ನ ಗಾಳಿ ವಾಲ್ವ್ ತುಂಬಾ ಸೂಕ್ಷ್ಮವಾಗಿದೆ, ಅದು ನನಗೆ ಹಿಡಿಸಿತು. ಗಾಳಿ ಜಾಸ್ತಿ ಬಿಟ್ಟರೆ ನೊರೆ ಉಬ್ಬಿ ಚೆಂದ ಕಾಣುತ್ತದೆ, ಆದರೆ ಒಳಗೆ ಕೆಮಿಕಲ್ ದ್ರಾವಣ ಇರುವುದು ಕಡಿಮೆ. ಒದ್ದೆಯಾಗಿ, ನಿಧಾನವಾಗಿ ಕೆಳಗೆ ಜಾರುವ ನೊರೆ ಬರುವ ತನಕ ವಾಲ್ವ್ ತಿರುಗಿಸಿ.

ಈಗ ತಕರಾರು. ಕೆಮಿಕಲ್ ಎಳೆದುಕೊಳ್ಳುವುದು ನೀರಿನ ಹರಿವಿನ ಬಲದಿಂದ, ಎಷ್ಟು ಎಳೆಯಬೇಕು ಅನ್ನುವುದನ್ನು ಒಂದು ಪುಟ್ಟ ಬಣ್ಣದ ಟಿಪ್‌ನ ತೂತು ನಿರ್ಧರಿಸುತ್ತದೆ. ಅದೇ ಲೈನ್‌ನಲ್ಲಿ ಇನ್ನೊಬ್ಬರು ಪೈಪ್ ತೆರೆದರೆ ಒತ್ತಡ ಬೀಳುತ್ತದೆ, ಅಳತೆ ಬದಲಾಗುತ್ತದೆ. ಗಡಸು ನೀರಾದರೆ ತೂತಿನಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಹೊರಗಿನಿಂದ ಏನೂ ಗೊತ್ತಾಗಲ್ಲ, ನೊರೆ ಬರುತ್ತಲೇ ಇರುತ್ತದೆ! ಲೇಬಲ್‌ನಲ್ಲಿ ಸ್ಯಾನಿಟೈಸರ್ 200 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 200 ಭಾಗ) ಅಂತಿದ್ದರೆ ನಾಜಲ್‌ನಿಂದ ಬಂದ ನೀರಿನಲ್ಲೇ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಬೇಕು, ಕ್ಯಾನ್‌ನಲ್ಲಿ ಅಲ್ಲ. ಕಡಿಮೆಯಾದರೆ ಕ್ರಿಮಿ ಉಳಿಯುತ್ತದೆ, ಜಾಸ್ತಿಯಾದರೆ ಅದರ ಅಂಶ ಆಹಾರಕ್ಕೆ ಸೇರುತ್ತದೆ. ನಮ್ಮಲ್ಲಿ ಪಾಳಿ ಶುರುವಾದಾಗ ಇದೇ ಮೊದಲ ಕೆಲಸ. ಇಷ್ಟು ದುಡ್ಡಿನ ಮೆಷಿನ್‌ಗೆ ಒತ್ತಡ ತೋರಿಸುವ ಒಂದು ಮೀಟರ್ ಕೊಡಬಹುದಿತ್ತು ಅಲ್ವಾ?

ಎಳೆಯುವ ಪೈಪ್ ಕೆಮಿಕಲ್‌ಗೆ ಬೇರೆ, ಸ್ಯಾನಿಟೈಸರ್‌ಗೆ ಬೇರೆ ಇರುವುದು ಈ ಯೂನಿಟ್‌ನ ದೊಡ್ಡ ಗುಣ. ಒಂದೇ ಪೈಪ್ ಇರುವ ಮಾಡೆಲ್ ದಯವಿಟ್ಟು ತರಬೇಡಿ. ಕ್ಲೋರಿನ್ ಇರುವ ಕ್ಲೀನರ್ ಮತ್ತು ಪೆರಾಸಿಟಿಕ್ ಆಸಿಡ್‌ನಂಥ ಆಮ್ಲದ ಸ್ಯಾನಿಟೈಸರ್ ಬೆರೆತರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಪೈಪ್ ಹಿಡಿದು ನಿಂತವರ ಉಸಿರಿನ ಪ್ರಶ್ನೆ ಇದು.

ನೊರೆ ಇದೆ ಅಂತ ಬ್ರಷ್ ಮೂಲೆಗಿಡುವ ಹಾಗಿಲ್ಲ. ಸ್ಕ್ರೇಪರ್‌ನ ಅಂಚು, ರೋಲರ್‌ನ ತುದಿ, ಬೋಲ್ಟ್‌ನ ಸುತ್ತ ಕೈಯಿಂದ ಉಜ್ಜಲೇಬೇಕು. ಅಲ್ಲಿ ಕೊಳೆ ಉಳಿದರೆ ಮೇಲೆ ಎಂಥ ಸ್ಯಾನಿಟೈಸರ್ ಹಾಕಿದರೂ ದಂಡ. ಎಟಿಪಿ ಸ್ವ್ಯಾಬ್ (ಕಣ್ಣಿಗೆ ಕಾಣದ ಕೊಳೆ ಉಳಿದಿದೆಯಾ ಅಂತ ಒರೆಸಿ ನೋಡುವ ಪರೀಕ್ಷೆ) ತೆಗೆಯುವಾಗಲೂ ಫಳಫಳ ಹೊಳೆಯುವ ಜಾಗ ಬಿಟ್ಟು ಇಂಥ ಸಂದಿಯಿಂದಲೇ ತೆಗೆಯಿರಿ. ಮೊದಲ ಸಲ ತೊಳೆಯುವ ನೀರು ತೀರಾ ಬಿಸಿ ಬೇಡ, 60 ಡಿಗ್ರಿ ದಾಟಿದರೆ ಪ್ರೋಟೀನ್ ಸ್ಟೀಲ್‌ಗೆ ಬೆಂದು ಹಿಡಿಯುತ್ತದೆ.

ಪೈಪ್ ಉದ್ದ ಸಾಲದು, ನಾಜಲ್ ತೂಗುಹಾಕುವ ಕೊಕ್ಕೆ ಸಡಿಲ. ನಾಜಲ್ ನೆಲಕ್ಕೆ ಬೀಳುತ್ತಿತ್ತು, ಬೇರೆ ಕೊಕ್ಕೆ ಹಾಕಿಸಿದೆವು.

ಹಿಟ್ಟು, ಹಾಲಿನ ಪುಡಿಯಂಥ ಒಣ ಪದಾರ್ಥದ ಪ್ಲಾಂಟ್ ಆದರೆ ಇದನ್ನು ಕೊಳ್ಳಲೇಬೇಡಿ. ಅಲ್ಲಿ ನೀರು ಬಿದ್ದರೇನೇ ಕ್ರಿಮಿ ಬೆಳೆಯೋಕೆ ದಾರಿ, ಆ ದುಡ್ಡನ್ನು ಒಳ್ಳೆಯ ವ್ಯಾಕ್ಯೂಮ್ ಮತ್ತು ಬ್ರಷ್‌ಗಳಿಗೆ ಹಾಕಿ.